ಕಾಳಿ ದ್ರಾಕ್ಷಿ

ಆ ದಿನ ಬೆಳಿಗ್ಗೆ ಕಟ್ಟೆ ಸಾರಿಸಿದೆ, ನಾಲ್ಕು ಕೊಡ ನೀರು ತಂದೆ, ಜೋಳ ಹಸನು ಮಾಡಿದೆ, ನಮ್ಮ ಯಜಮಾನರು ಗಿರಣಿ ಕೆಲಸಕ್ಕೆ ಹಾಕುವ ಅಂಗಿ ಒಗೆದು ಹರವಿದೆ. ಆಮೇಲೆ ಪಕ್ಕದ ಮನೆಗೆ ಹೋದೆ. ಹಣ್ಣು ಮಾರುವ ಚಾಚಾನಿಗೆ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಎಷ್ಟು ತೊಳೆದರೂ ಹೆಬ್ಬೆರಳಿನ ಉಗುರಿನ ನೇರಳೆ ಕಲೆ ಹೋಗಲಿಲ್ಲವಂತೆ. ಗೊಂಚಲಿನಿಂದ ಒಡೆದ ಹಣ್ಣು ಕಿತ್ತು ತೆಗೆಯುತ್ತಿದ್ದ ಉಗುರು ಅದು. ಚಾಚಿ ಇದನ್ನು ಎರಡು ಸಲ ಹೇಳಿದರು. ನನಗೆ ಅಳು ಬರಲಿಲ್ಲ.

ನನ್ನ ತವರೂರು ಪಾಳಾದಿಂದ ಮದುವೆಯಾಗಿ ದಾಂಡೇಲಿಗೆ ಬಂದ ಹೊಸತರಲ್ಲಿ ಅವರ ಕೂಗು ಕೇಳಿದ್ದೆ: "ಕಾಳೀ ದ್ರಾಕ್ಷೀ!" ಊರಿನ ಪಕ್ಕದಲ್ಲೇ ಕಾಳಿ ಹೊಳೆ. ನಾನು ಕೇಳಿಯೇ ಬಿಟ್ಟೆ.

"ಚಾಚಾ, ಹೊಳಿ ದಂಡಿಗೆ ನಿಮ್ಮ ತ್ವಾಟ ಎಲ್ಲಿ ಐತ್ರಿ?"

ತಕ್ಕಡಿ ಅಲುಗುವ ಹಾಗೆ ನಕ್ಕರು. "ಹುಚ್ಚಿ! ಕಾಳಿ ಅಂದ್ರ ನಮ್ಮ ಮಾತಿನ್ಯಾಗ ಕರೇದು. ಇದು ವಿಜಾಪುರದ ಹಣ್ಣು." ಮರುಗಳಿಗೆ ಅವರ ನಗು ನಿಂತಿತು. "ಹಂಗಾರ ಇಷ್ಟು ವರ್ಷ ಮಂದಿ ಇದನ್ನ ಈ ಹೊಳೀದಂತ ತಿಳ್ಕೊಂಡು ತಿಂದಾರೇನ?"

ಅದು ಅವರಿಗೆ ಸಣ್ಣ ಮಾತಾಗಿರಲಿಲ್ಲ. ಹಣ್ಣಿಗೆ ಅದರ ಊರಿನ ಹೆಸರೇ ಸಲ್ಲಬೇಕು ಎನ್ನುವವರು ಅವರು. ದೌಲತಾಬಾದಿನ ದ್ರಾಕ್ಷಿ ಬಂದರೆ, ಬಾದಶಹಾ ದಿಲ್ಲಿಯಿಂದ ಮಂದಿಯನ್ನು ಹೊರಡಿಸಿಕೊಂಡು ಬಂದಾಗ ಬಳ್ಳಿಯೂ ಬಂತೆಂದು ಕಥೆ ಹೇಳುತ್ತಿದ್ದರು. ಪ್ರಾಯದಲ್ಲಿ ಜೊಯಿಡಾ ದಾಟಿ ಗೋವೆಯ ಪಾದ್ರಿಯೊಬ್ಬರಿಗೆ ಒಣದ್ರಾಕ್ಷಿ ಒಯ್ಯುತ್ತಿದ್ದರಂತೆ. ಪೋರ್ಟ್ ಎಂಬ ದ್ರಾಕ್ಷಿ ಮದ್ಯದ ಹೆಸರು ಹಣ್ಣಿನದಲ್ಲ, ಪೋರ್ತುಗಾಲಿನ ಒಂದು ಬಂದರಿನ ಹೆಸರು ಎಂದು ಆ ಪಾದ್ರಿ ಬಾಟಲಿ ತೋರಿಸಿ ಹೇಳಿದ್ದರಂತೆ.

"ನಾ ಒಂದು ಹನಿ ಮುಟ್ಟಿಲ್ಲ, ಮಗಳ. ಆದ್ರ ಅವರು ಹೆಸರಿಡೂ ರೀತಿ ಖರೇ ಐತಿ. ಬಳ್ಳಿ ಯಾವ ನೀರು ಕುಡೀತೈತೋ ಅದರ ಹೆಸರು."

ಮರುದಿನದಿಂದ "ವಿಜಾಪುರದ ಕರೇ ದ್ರಾಕ್ಷಿ" ಎಂದು ಕೂಗತೊಡಗಿದರು. ಆ ವರ್ಷವೇ ವಿಜಾಪುರದಿಂದ ಬಳ್ಳಿಯ ಕಡ್ಡಿ ತರಿಸಿ, ಪಕ್ಕದ ಹಳ್ಳಿ ಕೋಗಿಲಬನದಲ್ಲಿ ಚಾಚಿಯ ಅಣ್ಣನ ಹೊಲದ ಅಂಚಿಗೆ, ಕಾಳಿಯ ದಂಡೆಯಲ್ಲೇ ನೆಟ್ಟರು. ಅಲ್ಲಿ ಒಂದು ಗೊಂಚಲು ಹಣ್ಣಾದ ದಿನ ಹಳೆಯ ಕೂಗು ಮತ್ತೆ ಕೂಗುತ್ತೇನೆಂದರು.

"ನಮ್ಮ ಮಳಿಗೆ ಕಲ್ಲಿಗೂ ಬೂಸು ಬರ್ತೈತಿ ಚಾಚಾ, ದ್ರಾಕ್ಷಿ ಎಲ್ಲೀದು?" ಎಂದು ಯಜಮಾನರು ಕಾಡಿಸುತ್ತಿದ್ದರು.

"ನೀ ಕಲ್ಲು ಕಾಯಪ್ಪಾ. ನಾ ಬಳ್ಳಿ ಕಾಯ್ತೇನಿ."

ಮೂರು ಮಳೆಗಾಲ ಎಲೆಯೆಲ್ಲ ಕೊಳೆತು ಉದುರಿತು. ಪ್ರತಿ ಸಲ ಸವರಿ, ಬೂದಿ ಹಾಕಿ ಬರುತ್ತಿದ್ದರು. ನಾಲ್ಕನೆಯ ಬೇಸಿಗೆಯಲ್ಲಿ ಕಾಯಿ ಕಟ್ಟಿದೆ ಎಂದು ಹೇಳಿದರು. ಹಣ್ಣು ನೋಡುವ ಮೊದಲೇ ಎಂಟು ದಿನದ ಜ್ವರದಲ್ಲಿ ಹೋದರು.

ಆ ದಿನ ಮಧ್ಯಾಹ್ನದ ನಮಾಜಿನ ನಂತರ ಮಣ್ಣಾಯಿತು. ಸಂಜೆ ಚಾಚಿ ಗೋಡೆಯ ಮೇಲಿಂದ ಕರೆದು ಕರವಸ್ತ್ರದ ಗಂಟೊಂದನ್ನು ಕೊಟ್ಟರು.

"ನಮ್ಮಣ್ಣ ಮಣ್ಣಿಗೆ ಬರೂ ಮುಂದ ಕೋಗಿಲಬನದಿಂದ ಹರಕೊಂಡು ಬಂದಾನ. ಒಂದ ಗೊನಿ. ಮೊದಲ ನಿನಗ ಕೊಡ್ಬೇಕಂತಿದ್ರು, ತ್ವಾಟ ಎಲ್ಲೈತಿ ಅಂತ ಕೇಳಿದಾಕಿ ನೀ ಅಂತ."

ರೊಟ್ಟಿ, ಝುಣಕ ಉಂಡೆವು. ಆಮೇಲೆ ದ್ರಾಕ್ಷಿ ತೊಳೆದು ತಟ್ಟೆಯಲ್ಲಿಟ್ಟೆ.

"ಹೆಂಗದಾವ?" ಎಂದರು ಯಜಮಾನರು.

"ಹುಳಿ ಅದಾವ್ರಿ."

ಅವರೂ ಒಂದು ಬಾಯಿಗೆ ಹಾಕಿಕೊಂಡರು. ಒಂದೊಂದಾಗಿ ಎಲ್ಲವನ್ನೂ ತಿಂದೆವು, ಬೀಜ ಸಹಿತ. ಯಜಮಾನರು ಮೊದಲು ಮಲಗಿದರು, ನನಗೆ ನಿದ್ದೆ ಬರಲಿಲ್ಲ.