ಮೊಣಕಾಲ ಕೆಳಗಿನ ಬಿಳಿ ಗೆರೆ

ಬೆಳಗು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಹಾಕಿ ಮೈದಾನದ ಹಸಿರು ಹಾಸಿನ ಮೇಲೆ ನೀರು ಚಿಮ್ಮುತ್ತಿದೆ. ಹಾಸು ಒಣಗಿದ್ದರೆ ಚೆಂಡು ಹೇಳಿದ ಮಾತು ಕೇಳುವುದಿಲ್ಲ, ಹಾಗಾಗಿ ಇಲ್ಲಿ ಆಟಗಾರರಿಗಿಂತ ಮೊದಲು ಮೈದಾನಕ್ಕೆ ಸ್ನಾನ. ಗ್ಯಾಲರಿಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಐವತ್ತು ದಾಟಿದ ಹೆಂಗಸೊಬ್ಬರು ಸಿಮೆಂಟು ನೆಲದ ಮೇಲೆ ಮೊಣಕಾಲೂರಿ ಕೂತಿದ್ದಾರೆ. ಎದುರಿಗೆ ಬೆಂಚಿನ ಮೇಲೆ ಒಬ್ಬ ಆಟಗಾರ್ತಿ. ಅವಳ ಬರಿಗಾಲಿಗೆ ಚೆಂಡಿನ ಪೆಟ್ಟು ತಡೆಯುವ ಗಾರ್ಡು ಕಟ್ಟುವ ಮೊದಲು ಈಕೆ ಅದರ ಮೇಲಂಚಿನ ಒಳಗಡೆಗೆ ಸೀಮೆಸುಣ್ಣ ತಿಕ್ಕುತ್ತಾರೆ.

"ಏಳು. ಈಗ ಬಗ್ಗು. ಎದುರಾಳಿ ಹತ್ರ ಚೆಂಡು ಕಸ್ಕೊಳ್ಳೋವಾಗ ಬಗ್ತೀಯಲ್ಲ, ಹಾಗೆ. ನನ್ನ ಮುಂದೆ ನಾಜೂಕು ಬೇಡ."

ಆಟಗಾರ್ತಿ ಬಗ್ಗುತ್ತಾಳೆ, ಏಳುತ್ತಾಳೆ, ಬಾಗಿಲಾಚೆ ಇರುವ ನಲ್ಲಿಯವರೆಗೆ ಓಡಿ ವಾಪಸು ಬರುತ್ತಾಳೆ. ಗಾರ್ಡು ಬಿಚ್ಚಿದರೆ, ಮೊಣಕಾಲ ಚಿಪ್ಪಿನ ಕೆಳಗೆ ಸಣ್ಣಗೆ ಉಬ್ಬಿದ ಎಲುಬಿನ ಮೇಲೆ ಅಡ್ಡಡ್ಡ ಒಂದು ಬಿಳಿ ಗೆರೆ. ಅವಳಿಗೆ ನೋಯುವುದೂ ಸರಿಯಾಗಿ ಅಲ್ಲೇ. ಹೆಂಗಸು ಕನ್ನಡಕ ಮೂಗಿನ ಮೇಲೆ ಜಾರಿಸಿಕೊಂಡು ನೋಡಿ, ಕಳ್ಳ ಸಿಕ್ಕಿಬಿದ್ದ ಎನ್ನುತ್ತ ಗೋಡೆಯ ಮೊಳೆಗಳಲ್ಲಿ ನೇತಾಡುವ ಗಾರ್ಡುಗಳ ಕಡೆ ಕೈ ಚಾಚುತ್ತಾರೆ.

ಮೈದಾನದಲ್ಲಿ ಎಲ್ಲರ ಬಾಯಲ್ಲೂ ಇವರು ಪ್ಯಾಡಕ್ಕ. ಹುಡುಗರ ತಂಡ, ಹುಡುಗಿಯರ ತಂಡ, ಮೀಸೆ ನರೆತರೂ ಹಾಕಿ ಕೋಲು ಬಿಡದ ಹಿರಿಯರ ತಂಡ, ಯಾರೇ ಬಂದರೂ ಮೊದಲು ಈ ಕೋಣೆಯ ಬೆಂಚಿನ ಮೇಲೆ ಕೂತು ಎದ್ದೇ ಮುಂದೆ ಹೋಗಬೇಕು. ದಿನಕ್ಕೆ ಏನಿಲ್ಲವೆಂದರೂ ಐವತ್ತು ಅರವತ್ತು ಕಾಲು ಇವರ ಕೈ ಮೇಲೆ ಹಾದುಹೋಗುತ್ತವೆ. ಗೋಲು ಹೊಡೆದವರ ಹೆಸರು ಮೈಕಿನಲ್ಲಿ ಮೊಳಗುತ್ತದೆ. ಆ ಗೋಲಿಗೆ ಓಡಿದ ಕಾಲಿಗೆ ಗಾರ್ಡು ಆರಿಸಿದವರು ಅಷ್ಟು ಹೊತ್ತಿಗೆ ಗ್ಯಾಲರಿಯ ಕೆಳಗೆ ಒದ್ದೆ ಸಾಕ್ಸು ಹಿಂಡುತ್ತಿರುತ್ತಾರೆ.

ಗಾರ್ಡು ಆರಿಸುವುದರಲ್ಲಿ ಏನು ಮಹಾ ಇದೆ ಎಂದು ಮೂಗು ಮುರಿಯುವವರು ಒಮ್ಮೆ ಹಾಕಿ ಚೆಂಡನ್ನು ಕೈಯಲ್ಲಿ ಹಿಡಿದು ನೋಡಬೇಕು. ಅದು ಕಲ್ಲಿನ ಒಡಹುಟ್ಟಿದ ತಮ್ಮ. ಮೊಣಕಾಲಿನಿಂದ ಪಾದದವರೆಗಿನ ಎಲುಬಿಗೆ ಬಡಿದರೆ ನಕ್ಷತ್ರ ಕಾಣುತ್ತದೆ, ಅದಕ್ಕೇ ಗಾರ್ಡು. ಆದರೆ ಮೊಣಕಾಲು ನೋಯುವವರು ಒಂದು ತಪ್ಪು ಮಾಡುತ್ತಾರೆ. ಇರುವುದರಲ್ಲಿ ಉದ್ದನೆಯದನ್ನು, ದಪ್ಪನೆಯದನ್ನು ಹುಡುಕಿ ತೊಟ್ಟುಕೊಳ್ಳುತ್ತಾರೆ. ದೊಡ್ಡದಿದ್ದಷ್ಟೂ ಕಾಲಿಗೆ ಕಾವಲು ಹೆಚ್ಚು ಎಂಬ ನಂಬಿಕೆ. ಬಗ್ಗಿದ ಕೂಡಲೇ ಪಾದ ಆ ಉದ್ದನೆಯ ಗಾರ್ಡನ್ನು ಮೇಲಕ್ಕೆ ತಳ್ಳುತ್ತದೆ, ಮೇಲಂಚು ಹೋಗಿ ನೋಯುವ ಜಾಗಕ್ಕೇ ಒತ್ತುತ್ತದೆ. ಹಾಕಿ ಪೂರ್ತಿ ಬಗ್ಗಿಯೇ ಆಡುವ ಆಟ. ಒಂದು ಪಂದ್ಯ ಮುಗಿಯುವುದರೊಳಗೆ ಗಾಯದ ಮೇಲೆ ಎಷ್ಟು ಬಾರಿ ಬರೆ ಬೀಳುತ್ತದೋ ಲೆಕ್ಕವಿಲ್ಲ.

ಪ್ಯಾಡಕ್ಕ ಮಾಡುವುದು ಇದರ ಉಲ್ಟಾ. ನೋವಿದ್ದವರಿಗೆ ಒಂದು ಅಳತೆ ಗಿಡ್ಡದು, ಹಗುರದ್ದು, ಮೇಲಂಚು ಮೆತ್ತಗಿರುವುದು. ಪಟ್ಟಿಯನ್ನೂ ಮೊಣಕಾಲ ಹಿಂದೆ ಬಿಗಿಯದೆ ಸ್ವಲ್ಪ ಕೆಳಗೆ ಕಟ್ಟುತ್ತಾರೆ. ಪೂರ್ತಿ ಬಗ್ಗಿದಾಗಲೂ ನೋವಿನ ಜಾಗಕ್ಕೂ ಗಾರ್ಡಿಗೂ ನಡುವೆ ಎರಡು ಬೆರಳು ಹಿಡಿಸಬೇಕು. "ಎರಡು ಬೆರಳಿನ ಲೆಕ್ಕ ನಮ್ಮ ಫಿಸಿಯೋ ಹೇಳಿಕೊಟ್ಟಿದ್ದು. ಸುಣ್ಣ ಮಾತ್ರ ನಂದು," ಎನ್ನುತ್ತಾರೆ. ಬೇರೆಯವರ ಪಾಲನ್ನು ತಮ್ಮ ಜೇಬಿಗೆ ಹಾಕಿಕೊಳ್ಳುವ ಜಾಯಮಾನ ಇವರದಲ್ಲ.

ಸುಣ್ಣ ಬಂದದ್ದು ಹಳೆಯ ಕಸುಬಿನಿಂದ. ಮದುವೆಗೂ ಮೊದಲಿನಿಂದ ಇವರು ಟೈಲರ್ ಅಂಗಡಿಯಲ್ಲಿ ಪ್ಯಾಂಟು ಹೊಲಿಯುತ್ತಿದ್ದರು. ರೆಡಿಮೇಡ್ ಬಟ್ಟೆ ಬಂದು ಅಂಗಡಿಗೆ ಬಾಗಿಲು ಬಿತ್ತು. ಗೋಲಿನ ಹರಿದ ಬಲೆ ಹೊಲಿಯಲು ಜನ ಬೇಕು ಎಂದು ಯಾರೋ ಹೇಳಿದರು, ಸೂಜಿ ದಾರ ಹಿಡಿದು ಇಲ್ಲಿಗೆ ಬಂದರು. ಬಲೆ ಮುಗಿಯಿತು, ಗಾರ್ಡಿನ ಕಿತ್ತ ಪಟ್ಟಿಗಳು ಬಂದವು, ಪಟ್ಟಿಯ ಹಿಂದೆ ಕುಂಟುವ ಕಾಲುಗಳು ಬಂದವು. ಹೊಸ ಗಾರ್ಡು ತೊಟ್ಟ ಮೇಲೂ ನೋಯುತ್ತದೆ ಎಂದು ಒಬ್ಬ ಗೋಳಾಡಿದಾಗ ಚೀಲದಲ್ಲಿದ್ದ ಸೀಮೆಸುಣ್ಣ ನೆನಪಾಯಿತಂತೆ. "ನಿಂತಾಗ ಚೆಂದ ಕಾಣೋ ಪ್ಯಾಂಟು ಕೂತಾಗ ಮಾನ ಕಳೆಯುತ್ತೆ. ಗಾರ್ಡೂ ಅಷ್ಟೇ ಅಲ್ವಾ? ನಿಲ್ಲಿಸಿ ಅಳತೆ ತಗೊಂಡ್ರೆ ಎಲ್ಲಾ ಸರಿಯಾಗೇ ಇರುತ್ತೆ."

ಅಂದಿನಿಂದ ಈ ಕೋಣೆಗೆ ಒಂದು ಕಾನೂನಿದೆ. ಬರೆದು ಅಂಟಿಸಿಲ್ಲ, ಆದರೂ ಎಲ್ಲರಿಗೂ ಬಾಯಿಪಾಠ. ಗೆರೆ ನೋವಿನ ಮೇಲೆ ಬಿದ್ದರೆ ತಪ್ಪು ಗಾರ್ಡಿನದು, ಅದನ್ನು ಪ್ಯಾಡಕ್ಕ ನೋಡಿಕೊಳ್ಳುತ್ತಾರೆ. ಗೆರೆ ಬೇರೆ ಕಡೆ ಬಿದ್ದೂ ನೋಯುತ್ತಿದ್ದರೆ ತಪ್ಪು ಗಾರ್ಡಿನದಲ್ಲ, ಕಾಲಿನದು. ಹಾಗಾದರೆ ಗ್ಯಾಲರಿಯ ಆ ತುದಿಯಲ್ಲಿರುವ ಫಿಸಿಯೋ ಕೋಣೆಗೆ ನಡೆಯಬೇಕು. ಅಲ್ಲಿಂದ ಒಪ್ಪಿಗೆ ಸಿಗುವ ತನಕ ಗಾರ್ಡಿಲ್ಲ.

ಊರವರ ಮೊಣಕಾಲಿಗೆಲ್ಲ ಕಾನೂನು ಮಾಡಿದ ಈ ಮಹಾತಾಯಿಯ ಸ್ವಂತ ಮೊಣಕಾಲಿನ ಕತೆ ಬೇರೆ. ಬೆಂಚು ತಗ್ಗು, ನೆಲ ತಣ್ಣಗೆ, ಬೆಳಗಿನಿಂದ ಕೂರುವುದು ಏಳುವುದೇ ಕೆಲಸ. ಏಳುವಾಗ ಒಂದು ಕೈ ಬೆಂಚಿನ ಮೂಲೆ ಹುಡುಕುತ್ತದೆ, ಬಾಯಿ ಮೆಲ್ಲಗೆ ಅಮ್ಮಾ ಎನ್ನುತ್ತದೆ. ಕೇಳಿದರೆ, "ನನ್ನ ಕಾಲಿಗೇನಾಗಿದೆ? ನೆಲ ಸ್ವಲ್ಪ ದೂರ ಹೋಗಿದೆ ಅಷ್ಟೆ," ಎಂದು ಹಾರಿಸಿಬಿಡುತ್ತಾರೆ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಗಂಡನ ದೂರೇ ಬೇರೆ. ತನ್ನ ಕಾಲು ನೋಯುತ್ತದೆ ಎಂದರೆ ಬಿಸಿನೀರು ಹಾಕ್ಕೋ ಹೋಗು ಅಂತಾಳೆ, ಯಾರೋ ಹಾಕಿ ಆಡುವವರ ಕಾಲಾದರೆ ಮಡಿಲಲ್ಲಿಟ್ಟುಕೊಂಡು ನೋಡುತ್ತಾಳೆ, ಮುಂದಿನ ಜನ್ಮದಲ್ಲಿ ತಾನೂ ಹಾಕಿ ಆಡುತ್ತೇನೆ ಎಂದು ಅವರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಾರೆ.

ಕಳೆದ ತಿಂಗಳು ಈ ಕೋಣೆಯ ಕಾನೂನಿಗೇ ಪರೀಕ್ಷೆ ಬಂತು.

ಹುಡುಗಿಯರ ತಂಡದಲ್ಲಿ ಮಿಂಚುಳ್ಳಿ ಎಂದು ಎಲ್ಲರೂ ಕರೆಯುವ ಹದಿನೇಳರ ಒಬ್ಬಳಿದ್ದಾಳೆ. ಪೆನಾಲ್ಟಿ ಕಾರ್ನರ್ ಎಂದರೆ ಎದುರಾಳಿಗಳು ಗೋಲಿಗೆ ಗುರಿಯಿಟ್ಟು ಚೆಂಡನ್ನು ಬಲವಾಗಿ ಹೊಡೆಯುವ ಹೊತ್ತು. ಆಗ ಗೋಲಿನ ಗೆರೆಯಿಂದ ಎಲ್ಲರಿಗಿಂತ ಮೊದಲು ಆ ಚೆಂಡಿಗೆ ಎದೆಗೊಟ್ಟು ಓಡುವವಳು ಇವಳು. ಅದಕ್ಕೆಂದೇ ಮುಖಕ್ಕೆ ಮಾಸ್ಕು, ಮೊಣಕಾಲಿಗೆ ಮೆತ್ತನೆಯ ಪ್ಯಾಡು ತೊಡುತ್ತಾಳೆ. ತಂಡ ಫೈನಲ್ ಮುಟ್ಟಿದ್ದರಲ್ಲಿ ಅರ್ಧ ಪಾಲು ಇವಳ ಓಟದ್ದು. ಭಾನುವಾರ ಫೈನಲ್, ಅದನ್ನು ನೋಡಲು ಮುಂದಿನ ವರ್ಷದ ದೊಡ್ಡ ತಂಡಕ್ಕೆ ಆರಿಸುವವರೂ ಬರುವವರಿದ್ದರು. ಶುಕ್ರವಾರ ಬೆಳಿಗ್ಗೆ ಮಿಂಚುಳ್ಳಿ ಕುಂಟುವುದನ್ನು ಮುಚ್ಚಿಡುತ್ತ ಬಂದು ಬೆಂಚಿನ ಮೇಲೆ ಕೂತಳು. ಗಾರ್ಡು ಯಾಕೋ ಸರಿಹೋಗುತ್ತಿಲ್ಲ ಎಂದಳು.

ಸುಣ್ಣ ತಿಕ್ಕಿದ್ದಾಯಿತು, ಕಟ್ಟಿದ್ದಾಯಿತು, ಅವಳು ನಲ್ಲಿಯವರೆಗೆ ಓಡಿಯೂ ಬಂದಳು. ಬಿಚ್ಚಿ ನೋಡಿದರೆ ನೋವಿನ ಜಾಗದ ಮೇಲೇ ಬೆಳ್ಳಗೆ ಸುಣ್ಣ. ಗಾರ್ಡಿನ ತಪ್ಪು ಎಂದು ಹೇಳಿ ಬೇರೆಯದನ್ನು ಕೊಟ್ಟರೆ ಮುಗಿಯಿತು. ಆದರೆ ಪ್ಯಾಡಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಗಾರ್ಡಿನಂಚು ಅಡ್ಡಗೆರೆ ಎಳೆಯುತ್ತದೆ. ಇದು ದುಂಡಗಿತ್ತು. ಅದಕ್ಕಿಂತ ಎರಡು ಬೆರಳು ಕೆಳಗೆ, ಅವಸರದಲ್ಲಿ ಒರೆಸಿ ಉಳಿದ ಅಡ್ಡಗೆರೆಯ ಮಸುಕು ಗುರುತೂ ಇತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಮನೆಯವರಿಗೆ ಕಾಣುವುದಿಲ್ಲವೇ?

"ಎಲ್ಲಿ, ನಿನ್ನ ಹೆಬ್ಬೆರಳು ತೋರಿಸು."

ಹೆಬ್ಬೆರಳ ತುದಿ ಬೆಳ್ಳಗಿತ್ತು. ನಲ್ಲಿಯ ಹತ್ತಿರ, ಗೋಡೆಯ ಮರೆಯಲ್ಲಿ, ಗಾರ್ಡು ಸಡಿಲಿಸಿ, ಅದರಂಚಿನ ಸುಣ್ಣವನ್ನು ತಾನೇ ನೋವಿನ ಜಾಗಕ್ಕೆ ಒತ್ತಿಕೊಂಡು ಬಂದಿದ್ದಳು. ಈ ಕೋಣೆಯ ಕಾನೂನು ಬಾಯಿಪಾಠ ಇದ್ದವರಿಗೆ ಮಾತ್ರ ಹೊಳೆಯುವ ಕಳ್ಳತನ ಅದು. ಹುಡುಗಿಯ ಕಣ್ಣು ತುಂಬಿತು.

"ಒಂದೇ ಒಂದು ಮ್ಯಾಚು ಅಕ್ಕ. ಆಮೇಲೆ ನೀವು ಹೇಳಿದ ಹಾಗೆ ಕೇಳ್ತೀನಿ."

ಗಿಡ್ಡ ಕಾಲಿನ ಪುಟ್ಟ ಹುಡುಗಿಯಾಗಿದ್ದಾಗ ಇದೇ ಬೆಂಚಿನ ಮೇಲೆ ಇವಳಿಗೆ ಮೊದಲ ಗಾರ್ಡು ಕಟ್ಟಿದವರು ಪ್ಯಾಡಕ್ಕನೇ. ಆಟದಲ್ಲಿ ಇವಳು ಬಿದ್ದರೆ ಗ್ಯಾಲರಿಯ ಕೆಳಗೆ ಇವರ ಕೈಯಿಂದ ಸಾಕ್ಸು ಜಾರುತ್ತದೆ. ಕೊಟ್ಟುಬಿಡೋಣ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ ಎಂದು ಈಗ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಆದರೆ ಬಾಯಿಂದ ಬಂದದ್ದೇ ಬೇರೆ.

"ಗಾರ್ಡಾದ್ರೆ ಬದಲಾಯಿಸ್ತೀನಿ ಕಣೇ. ಕಾಲು ಎಲ್ಲಿಂದ ತರ್ಲಿ?"

ಆಮೇಲೆ ಕೈ ಹಿಡಿದು ಎಬ್ಬಿಸಿ, ಕೋಚ್‌ಗೆ ನೀನು ಹೇಳ್ತೀಯೋ ನಾನು ಹೇಳ್ಲೋ ಎಂದು ಕೇಳಿದರು. ಹುಡುಗಿಯೇ ಹೇಳಿದಳು. ಚಿಪ್ಪಿನ ಕೆಳಗಿನ ನರ ಊದಿಕೊಂಡಿದೆ, ಈಗ ಜೋರಾಗಿ ಓಡಿದರೆ ಹರಿದರೂ ಹರಿಯಬಹುದು, ಮೂರು ವಾರ ಓಟ ಬೇಡ ಎಂದರು ಫಿಸಿಯೋ. ಫೈನಲ್ ದಿನ ಮಿಂಚುಳ್ಳಿ ಗ್ಯಾಲರಿಯಲ್ಲಿ ಅಮ್ಮನ ಪಕ್ಕ ಕೂತು ನೋಡಿದಳು. ತಂಡ ಒಂದು ಗೋಲಿನಿಂದ ಸೋತಿತು. ಆ ಗೋಲು ಬಂದದ್ದು ಪೆನಾಲ್ಟಿ ಕಾರ್ನರಿನಿಂದಲೇ.

ಯಾರೂ ಪ್ಯಾಡಕ್ಕನನ್ನು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಅವಳನ್ನು ಯಾಕೆ ಹೊರಗೆ ಕೂರಿಸಿದಿರಿ ಎಂದು ಕೇಳಿದವರಿಗೆಲ್ಲ ಕೋಚ್, ನಾನೇ ಕೂರಿಸಿದ್ದು ಎಂದು ಹೇಳಿ ಹೊಣೆಯನ್ನು ತಾವೇ ಮೈಮೇಲೆ ಹಾಕಿಕೊಂಡರು. ಆದರೂ ಅಲ್ಲಿಂದ ಮುಂದೆ ಕೋಣೆಯಲ್ಲಿ ಮೊದಲಿನ ತಮಾಷೆ ಇರಲಿಲ್ಲ. ಆಟಗಾರ್ತಿಯರು ಬಂದರು, ಕೂತರು, ಕಾಲು ಚಾಚಿದರು, ಹೋದರು. ಮಿಂಚುಳ್ಳಿಯಂತೂ ಈ ಕಡೆ ತಲೆ ಹಾಕಲಿಲ್ಲ. ಗೋಲಿನ ಎದುರಿನ ಖಾಲಿ ಜಾಗ ನೋಡಿದರೂ ಪ್ಯಾಡಕ್ಕನಿಗೆ ಅವಳ ಓಟವೇ ಕಣ್ಣಿಗೆ ಕಟ್ಟುತ್ತಿತ್ತು. ಪಶ್ಚಾತ್ತಾಪ ಇದೆಯೇ ಎಂದರೆ ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. "ಸೋತಿದ್ದಕ್ಕೆ ಹೊಟ್ಟೆ ಉರೀತು. ಅವಳು ಮಾತಾಡಿಸದೇ ಇದ್ದಿದ್ದಕ್ಕೆ ಇನ್ನೂ ಉರೀತು. ಆದ್ರೆ ಮಲಗಿದ್ರೆ ನಿದ್ದೆ ಬಂತು. ಗಾರ್ಡು ಕೊಟ್ಟಿದ್ರೆ ಬರ್ತಿರ್ಲಿಲ್ಲ."

ಅದೆಲ್ಲ ಆಗಿ ಈಗ ವಾರಗಳು ಕಳೆದಿವೆ. ಇವತ್ತು ಬೆಳಿಗ್ಗೆ ಮೊದಲ ಆಟಗಾರ್ತಿ ಗಿಡ್ಡ ಗಾರ್ಡು ತೊಟ್ಟು ಹೋದ ಮೇಲೆ ಬಾಗಿಲಲ್ಲಿ ನಿಂತದ್ದು ಮಿಂಚುಳ್ಳಿ. ಫಿಸಿಯೋ ಆಡಬಹುದು ಎಂದಿದ್ದಾರಂತೆ. ಬೆಂಚಿನ ಮೇಲೆ ಕೂತು ಕಾಲು ಚಾಚುತ್ತಾಳೆ. ಪ್ಯಾಡಕ್ಕ ಸುಣ್ಣ ತಿಕ್ಕಿ ಕಟ್ಟುತ್ತಾರೆ. ಹುಡುಗಿ ನಲ್ಲಿಯ ಕಡೆ ಹೋಗದೆ ಕೋಣೆಯೊಳಗೇ, ಅವರ ಕಣ್ಣೆದುರಿಗೇ ಓಡಿ ಬಗ್ಗಿ ಎದ್ದು ತೋರಿಸುತ್ತಾಳೆ. ಬಿಚ್ಚಿದರೆ ಗೆರೆ ಎರಡು ಬೆರಳು ಕೆಳಗೆ, ಅಡ್ಡಡ್ಡ, ಅಚ್ಚುಕಟ್ಟು. ನೋವಿಲ್ಲ. ಕೇಳುವ ಮೊದಲೇ ಎರಡು ಹೆಬ್ಬೆರಳನ್ನೂ ಎತ್ತಿ ಹಿಡಿಯುತ್ತಾಳೆ, ಎರಡೂ ಶುದ್ಧ. ಪ್ಯಾಡಕ್ಕನಿಗೆ ನಗು ತಡೆಯಲಾಗುವುದಿಲ್ಲ. ಬಾಗಿಲಲ್ಲಿ ಸರದಿ ನಿಂತವರಿಗೂ ಅಷ್ಟೇ. ತಿಂಗಳಿಂದ ಬಿಗಿದುಕೊಂಡಿದ್ದ ಕೋಣೆ ಸಡಿಲವಾಗುತ್ತದೆ.

ನಗುತ್ತಲೇ ಏಳಲು ಹೋಗಿ ಪ್ಯಾಡಕ್ಕ ಅರ್ಧದಲ್ಲೇ ನಿಲ್ಲುತ್ತಾರೆ. ಈ ಸಲ ಅಮ್ಮಾ ಎಂದದ್ದು ಎಲ್ಲರಿಗೂ ಕೇಳಿಸುತ್ತದೆ.

ಮಿಂಚುಳ್ಳಿ ಅವರನ್ನು ಹಿಡಿದು ಬೆಂಚಿನ ಮೇಲೆ ಕೂರಿಸುತ್ತಾಳೆ. ಇಷ್ಟು ವರ್ಷದಲ್ಲಿ ಪ್ಯಾಡಕ್ಕ ಆ ಬೆಂಚಿನ ಮೇಲೆ ಕೂತದ್ದನ್ನು ಕಂಡವರಿಲ್ಲ. ಹುಡುಗಿ ಮೊಳೆಯಲ್ಲಿದ್ದ ತನ್ನ ಹಳೆಯ ಪೆನಾಲ್ಟಿ ಕಾರ್ನರ್ ಪ್ಯಾಡು ತರುತ್ತಾಳೆ, ಅಂಚಿಗೆಲ್ಲ ಸುಣ್ಣ ತಿಕ್ಕುತ್ತಾಳೆ, ನೆಲದ ಮೇಲೆ ಕೂತು, ಸೀರೆ ಸರಿಸಿ ಅವರ ಬಲ ಮೊಣಕಾಲಿಗೆ ಕಟ್ಟುತ್ತಾಳೆ. ದಿನಾ ಕೂರುವ ಹಾಗೆ ಒಮ್ಮೆ ಮೊಣಕಾಲೂರಿ ಏಳಿ ಎನ್ನುತ್ತಾಳೆ. ಇದೆಲ್ಲ ಯಾಕೆ, ಸರದಿ ಕಾಯುತ್ತಿದೆ, ಬಿಡು ಎಂದು ಪ್ಯಾಡಕ್ಕ ಗೊಣಗುತ್ತಲೇ ಕೂತು ಏಳುತ್ತಾರೆ. ಪ್ಯಾಡು ಬಿಚ್ಚಿದರೆ ಚಿಪ್ಪಿನ ಮೇಲೊಂದು, ಕೆಳಗೊಂದು ಬಿಳಿ ಗೆರೆ. ಎಲ್ಲಿ ನೋಯುತ್ತದೆ ಎಂದು ಹುಡುಗಿ ಕೇಳುತ್ತಾಳೆ. ಎಲ್ಲೂ ಇಲ್ಲ ಎನ್ನಲು ಬಾಯಿ ತೆರೆದ ಪ್ಯಾಡಕ್ಕ, ಅವಳು ತಮ್ಮ ಹೆಬ್ಬೆರಳನ್ನೇ ನೋಡುತ್ತಿರುವುದನ್ನು ಕಂಡು ಬಾಯಿ ಮುಚ್ಚುತ್ತಾರೆ. ಮೊಣಕಾಲಿನ ಒಳಮಗ್ಗುಲನ್ನು ಮುಟ್ಟಿ ತೋರಿಸುತ್ತಾರೆ. ಅಲ್ಲಿ ಸುಣ್ಣದ ಸುಳಿವೇ ಇಲ್ಲ.

"ಗೆರೆ ಬೇರೆ ಕಡೆ ಬಿದ್ದಿದೆ ಅಕ್ಕ. ಆದ್ರೂ ನೋಯ್ತಿದೆ. ತಪ್ಪು ಯಾರದು?"

ಗಾರ್ಡಿನದಲ್ಲ ಎಂದು ಬಾಗಿಲಲ್ಲಿ ನಿಂತ ಇಡೀ ತಂಡ ಒಟ್ಟಿಗೆ ಹೇಳುತ್ತದೆ.

ಪ್ಯಾಡಕ್ಕ ಅತ್ತಿತ್ತ ನೋಡುತ್ತಾರೆ. ಅವರೇ ಮಾಡಿದ ಕಾನೂನು, ತಪ್ಪಿಸಿಕೊಳ್ಳಲು ಕಿಂಡಿಯೂ ಇಲ್ಲ. ಸರಿ ಬರ್ತೀನಿ, ಫಿಸಿಯೋ ಏನಾದರೂ ಕೇಳಿದರೆ ಬೆಂಚು ಇನ್ನೊಂದಿಷ್ಟು ಎತ್ತರ ಬೇಕು, ನನಗೊಂದು ಸ್ಟೂಲು ಬೇಕು ಅಂತ ಹೇಳಿಬಿಡು, ಬೇರೇನೂ ಬೇಡ ಎನ್ನುತ್ತಾರೆ. ಇಷ್ಟು ವರ್ಷಕ್ಕೆ ಅವರು ಬಾಯಿಬಿಟ್ಟು ಕೇಳಿದ್ದು ಅಷ್ಟೇ.

ಮಿಂಚುಳ್ಳಿ ಕೈ ಹಿಡಿಯುತ್ತಾಳೆ. ನೀರು ಚಿಮ್ಮುವುದು ನಿಂತಿದೆ, ಮೈದಾನ ಆಟಕ್ಕೆ ಸಿದ್ಧವಾಗಿದೆ. ಗ್ಯಾಲರಿಯ ಉದ್ದಕ್ಕೂ ಇಬ್ಬರೂ ನಿಧಾನಕ್ಕೆ ನಡೆಯುತ್ತಾರೆ. ಅರ್ಧ ದಾರಿಯಲ್ಲಿ ಪ್ಯಾಡಕ್ಕ ನಿಂತು, ಬಗ್ಗಿ, ಸೀರೆ ತುಸು ಎತ್ತಿ, ತಮ್ಮ ಮೊಣಕಾಲ ಕೆಳಗಿನ ಬಿಳಿ ಗೆರೆಯನ್ನು ಕನ್ನಡಕದೊಳಗಿಂದ ಚೆನ್ನಾಗಿ ನೋಡುತ್ತಾರೆ.

"ನೆಟ್ಟಗೆ ಬಿದ್ದಿದೆ," ಎನ್ನುತ್ತಾರೆ. "ಯಾರು ಕಲಿಸಿದ್ದು?"