ಹಬ್ಬದ ದಿನದ ನೀರು

ಅವರ ಬಲಗೈ ಮೊಳಕೈವರೆಗೆ ಕೆಂಪು, ಎಡಗೈ ಹಸಿರು. ತೊಳೆದರೆ ಹೋಗುವಂಥದ್ದಲ್ಲ, ಚರ್ಮದೊಳಗೇ ಇಳಿದು ಕೂತ ಬಣ್ಣ. ಹತ್ತೂ ಉಗುರುಗಳು ಮಾತ್ರ ಬದನೆಕಾಯಿಯ ಹಾಗೆ ಕಡುನೇರಳೆ. ಕೆಂಪು, ಹಳದಿ, ಕಿತ್ತಳೆಯ ಹಂಡೆಗೆ ಬಲಗೈ ಇಳಿಸಬೇಕು, ನೀಲಿ ಹಸಿರಿನ ಹಂಡೆಗೆ ಎಡಗೈ. ಅದು ಅವರು ತಮಗೇ ಮಾಡಿಕೊಂಡ ಕಾನೂನು. ಮದುವೆ ಮನೆಯಲ್ಲಿ ಎದುರು ಪಂಕ್ತಿಯ ಹೊಸಬರು ಊಟ ಬಿಟ್ಟು ಆ ಕೈಗಳನ್ನೇ ನೋಡುತ್ತಿದ್ದರು. ಅವರೇ ಆ ಕೆಂಪು ಕೈಯಲ್ಲಿ ಒಂದು ತುತ್ತು ಎತ್ತಿ ಹಿಡಿದು, "ನೋಡ್ಕಳಿ, ಅನ್ನಕ್ಕೆ ಅಂಟಾಕಿಲ್ಲ" ಅನ್ನುತ್ತಿದ್ದರು.

ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದವರು ಅವರು. ಸಂಬಂಧದಲ್ಲಿ ಏನೂ ಅಲ್ಲ, ಆದರೂ ಬೀದಿಯ ಮಕ್ಕಳಿಗೆಲ್ಲ ಬಣ್ಣದ ಮಾವ. ನಮ್ಮ ಮನೆಯಲ್ಲಿ ಆರು ಮಗ್ಗಗಳಿದ್ದವು. ನಮ್ಮ ನೂಲೂ ಅವರ ಹಂಡೆಯಲ್ಲೇ ಮುಳುಗಿ ಏಳಬೇಕು. ಬೀದಿಯ ಕೊನೆಯಲ್ಲಿ, ನೆಲ ಇಳಿಜಾರಾಗುವ ಕಡೆ ಅವರ ಅಂಗಳ. ಬಿದಿರು ಗಳಗಳ ಮೇಲೆ ನೂಲಿನ ಲಡಿಗಳು ಸಾಲಾಗಿ ಒಣಗುತ್ತಿದ್ದವು. ಅಂಗಳದ ಹಿಂದೆ ಒಂದು ಮೋರಿ. ಅದು ಎಲ್ಲಿಗೆ ಹೋಗುತ್ತದೆ ಅಂತ ನಾನು ಬಾಲ್ಯದಲ್ಲಿ ಒಂದು ದಿನವೂ ಕೇಳಿದವಳಲ್ಲ. ಐ ಮಸ್ಟ್ ಅಡ್ಮಿಟ್, ಕೇಳಬೇಕು ಅನ್ನಿಸಿರಲೂ ಇಲ್ಲ.

ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ ನನಗೆ ಹತ್ತು. "ಇನ್ನು ನಾವೂ ಮೈಸೂರಿನವರೇ" ಅಂತ ಅಪ್ಪ ಖುಷಿಯಲ್ಲಿ ನನ್ನನ್ನು ಮೈಸೂರಿನ ಕಾನ್ವೆಂಟಿಗೆ ಹಾಕಿ, ಬೋರ್ಡಿಂಗ್‌ನಲ್ಲಿ ಬಿಟ್ಟು ಬಂದರು. ಅಲ್ಲಿ ಸಿಸ್ಟರ್ ಒಬ್ಬರು ಸೈನ್ಸ್ ಕ್ಲಾಸಿನಲ್ಲಿ ಲಿಟ್ಮಸ್ ಕಾಗದ ತೋರಿಸಿದರು. ನಾನು ಎರಡು ಪಟ್ಟಿಗಳನ್ನು ಪ್ರೇಯರ್ ಬುಕ್ಕಿನೊಳಗೆ ಇಟ್ಟುಕೊಂಡು ರಜೆಗೆ ಊರಿಗೆ ತಂದೆ. ಕದ್ದೆ ಅಂತಲೇ ಅನ್ನಿ.

ಮಾವ ಬಣ್ಣ ಹಿಡಿಯಲೆಂದು ಹಂಡೆಗೆ ಹಾಕಿದ ಹುಳಿ ಹದವಾಗಿದೆಯೇ ಅಂತ ನೋಡುವುದು ನಾಲಿಗೆಯಿಂದ. ಕಡ್ಡಿಯ ತುದಿಯಲ್ಲಿ ಒಂದು ಹನಿ ತೆಗೆದು ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಪಕ್ಕಕ್ಕೆ ಉಗುಳಿ, "ಇನ್ನೊಸಿ ಬೇಕು" ಅನ್ನುತ್ತಿದ್ದರು. ಆ ಹನಿಯಲ್ಲಿ ಏನೇನಿತ್ತು ಅಂತ ಈಗ ಗೊತ್ತಿರುವ ನನಗೆ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಅವತ್ತು ನಾನು ದೊಡ್ಡ ವಿಜ್ಞಾನಿಯ ಹಾಗೆ ನೀಲಿ ಪಟ್ಟಿ ಅದ್ದಿ ತೋರಿಸಿದೆ. ಅದು ಕೆಂಪಾಯಿತು.

"ನನ್ ನಾಲ್ಗೆ ಏಳಿದ್ದನ್ನೇ ನಿನ್ ಕಾಗ್ದವೂ ಏಳ್ತಲ್ಲ ಮಗಾ!" ಮಾವ ನಕ್ಕರು. "ಬುಡು, ಕಾಗ್ದಾನೇ ವಾಸಿ. ಅದ್ಕೆ ಮೂರೊತ್ತು ಮುದ್ದೆ ಇಕ್ಕಂಗಿಲ್ಲ."

ಅವರಿಗೆ ಇನ್ನೊಂದು ಅಭ್ಯಾಸ. ಹಂಡೆಯಿಂದ ತೆಗೆದ ಒದ್ದೆ ಲಡಿ ನೋಡಿ ಯಾರಾದರೂ ಚೆನ್ನಾಗಿದೆ ಎಂದರೂ ಚೆನ್ನಾಗಿಲ್ಲ ಎಂದರೂ ಅವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. "ಒಣಗ್ಲಿ, ಆಮೇಲೆ ಮಾತು." ಒದ್ದೆಯಲ್ಲಿ ಎಲ್ಲ ಬಣ್ಣವೂ ಗಾಢವಾಗಿಯೇ ಕಾಣುತ್ತದೆಯಂತೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದಾಗ ಅಪ್ಪ ಮದುವೆಯ ಮಾತು ತೆಗೆದರು. ಲಡಿ ಕೊಡಲು ಬಂದಿದ್ದ ಮಾವ ಜಗಲಿಯಿಂದಲೇ ಕೂಗಿದರು. "ಯಾಕ್ ಅವಸ್ರ ಮಾಡೀರಿ ಅಣ್ಣಾ? ಇನ್ನೂ ಅಂಡೇಲೈತೆ ಕೂಸು. ಒಣಗ್ಲಿ." ಅಪ್ಪನಿಗೆ ನಗು ಬಂತು. ನಾನು ಕಾಲೇಜಿಗೆ ಹೋದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮೈಸೂರಿನಲ್ಲಿ ರಿಸರ್ಚ್ ಸ್ಕಾಲರ್. ಊರಿನ ಕೊಳೆ ಯಾರ ಬಾಗಿಲಿಗೆ ಹೋಗಿ ನಿಲ್ಲುತ್ತದೆ, ಅದು ನನ್ನ ವಿಷಯ. ಈಗ ಅದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ಆಗ ನನ್ನ ಗೈಡ್, "ಕೆಮಿಸ್ಟ್ರಿ ಓದಿದವರು ಜಾತಿ, ಬೀದಿ ಅಂತ ಯಾಕೆ ಬರೀತೀರಿ ಮೇಡಂ?" ಅಂತ ಕೆಂಪು ಇಂಕಿನಲ್ಲಿ ಗೀಟು ಹಾಕುತ್ತಿದ್ದರು. ಯಳಂದೂರಿನ ಹತ್ತಿರದ ಹೊನ್ನೂರಿನಲ್ಲಿ ಗದ್ದೆಯ ಕಾಲುವೆಯ ನೀರು ತಂದೆ, ಇನ್ನೂ ಎಲ್ಲೆಲ್ಲಿಂದಲೋ ತಂದೆ. ನನ್ನ ಊರನ್ನು ಮಾತ್ರ ಮುಂದಕ್ಕೆ ಹಾಕುತ್ತಲೇ ಇದ್ದೆ. ಕಾರಣ ನಿಮಗೆ ಗೊತ್ತಾಗಿರಬೇಕು.

ನಮ್ಮ ಬೀದಿಯ ಕೆಳಗೆ ಹಳ್ಳ, ಹಳ್ಳದ ಆಚೆ ಕೆಳಗೇರಿ. ಅಲ್ಲಿಯವರು ಮೇಲಿನ ಬೀದಿಯ ಬಾವಿಗೆ ಬಿಂದಿಗೆ ಇಳಿಸುವಂತಿರಲಿಲ್ಲ. ಹಳ್ಳದ ಮರಳಿನಲ್ಲಿ ಮೊಳದುದ್ದ ಗುಂಡಿ ತೋಡಿ, ಅದರಲ್ಲಿ ಒಸರುವ ನೀರನ್ನು ಚಿಪ್ಪಿನಲ್ಲಿ ಬಿಂದಿಗೆಗೆ ತುಂಬಿಕೊಳ್ಳುತ್ತಿದ್ದರು. ಅದಕ್ಕೆ ಒರತೆ ಅನ್ನುತ್ತಾರೆ. ಮಾವನ ಅಂಗಳದ ಮೋರಿ ಬಂದು ಸೇರುತ್ತಿದ್ದುದು ಅದೇ ಹಳ್ಳಕ್ಕೆ, ಒರತೆಗಿಂತ ಕೂಗಳತೆ ಮೇಲೆ.

ಕೊನೆಗೆ ಯುಗಾದಿ ರಜೆಯಲ್ಲಿ ಊರಿಗೆ ಬಂದವಳು, ಹಬ್ಬದ ಮಾರನೆಯ ದಿನ ಬಾಟಲಿಗಳ ಬುಟ್ಟಿ ಹಿಡಿದು ಹಳ್ಳಕ್ಕೆ ಇಳಿದೆ. ಒರತೆಯ ಹತ್ತಿರ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಪಕ್ಕದಲ್ಲಿದ್ದ ಮೊಮ್ಮಗಳ ಬೆರಳ ಸಂದುಗಳಲ್ಲಿ ಹುಣ್ಣು. ನನ್ನ ಬಾಟಲಿಗೆ ತಾವೇ ನೀರು ತುಂಬಿಕೊಟ್ಟು, "ಅಬ್ಬ ಬಂದಾಗ್ಲೇ ಕಣವ್ವ ನಮ್ಗೆ ನೀರು ನೀರಿದ್ದಂಗೆ ಇರೋದು" ಅಂದರು. ಹಬ್ಬದ ಸಂಭ್ರಮಕ್ಕೆ ಹೇಳಿದ ಮಾತು ಅಂದುಕೊಂಡೆ. ಹೌ ಲವ್ಲಿ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ ಕೂಡ. ಆ ಪುಟ ಈಗಲೂ ನನ್ನ ಹತ್ತಿರ ಇದೆ, ನಾಚಿಕೆಗೆ ಇಟ್ಟುಕೊಂಡಿದ್ದೇನೆ.

ಲ್ಯಾಬಿನಲ್ಲಿ ರಿಸಲ್ಟ್ ಬಂತು. ಮೇಲಿನ ಬಾವಿಗೂ ಒರತೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. "ಡ್ರಾಪ್ ದಿಸ್ ಪ್ಲೇಸ್" ಅಂದರು ಗೈಡ್. ನನಗೋ ಎದೆಯ ಮೇಲಿನ ಕಲ್ಲು ಇಳಿದ ಹಾಗೆ. ಮೊಮ್ಮಗಳ ಬೆರಳು ಕಣ್ಣ ಮುಂದೆ ಬಂದರೂ ತಳ್ಳಿಬಿಟ್ಟೆ. ಮುಂದಿನ ಭಾನುವಾರ ಯಳಂದೂರಿನ ಮೇಲೆ ಬರುವ ಬಸ್ಸು ಹತ್ತಿ ಬಂದು, ನೇರ ಮಾವನ ಅಂಗಳಕ್ಕೆ ಓಡಿದೆ.

"ಮಾವ, ನಿಮ್ಮ ಮೋರಿಯಿಂದ ಏನೂ ತೊಂದರೆ ಇಲ್ಲ! ಹಳ್ಳದ ನೀರು ಕ್ಲೀನ್!"

ಅವರು ಲಡಿ ಹಿಂಡುತ್ತಿದ್ದರು. ಹಿಂಡುವುದು ನಿಲ್ಲಿಸಲಿಲ್ಲ. "ಯಾವತ್ತು ತಕಂಡೋಗಿದ್ದೆ ನೀರ?"

"ಯುಗಾದಿ ಮಾರನೇ ದಿನ."

"ಯುಗಾದಿಗೆ ನಾವು ಅಂಡೆ ಬೋರ್ಲಾಕೋದು ಗೊತ್ತಲ್ವಾ ನಿಂಗೆ?"

ಗೊತ್ತಿತ್ತು. ನೇಕಾರರ ಬೀದಿಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಹಬ್ಬಕ್ಕೆ ವಾರ ಮೊದಲೇ ಹಂಡೆಗಳನ್ನು ಬೆಳಗಿ ಬೋರಲು ಹಾಕುತ್ತಾರೆ. ಹಬ್ಬ ಕಳೆದು ಪೂಜೆ ಆಗುವವರೆಗೆ ಒಲೆ ಹಚ್ಚುವುದಿಲ್ಲ. ಮೋರಿ ಒಣಗಿರುತ್ತದೆ. ಒರತೆಯನ್ನು ದಿನಾ ತೋಡಿ ತೋಡಿ ಬರಿದು ಮಾಡುವುದರಿಂದ ಅಷ್ಟರಲ್ಲಿ ತಿಳಿ ನೀರು ಬಂದಿರುತ್ತದೆ. ನನಗೆ ರಜೆ ಸಿಗುವುದು ಹಬ್ಬಕ್ಕೆ, ಹಾಗಾಗಿ ಹಬ್ಬಕ್ಕೆ ಬಂದಿದ್ದೆ. ಹಂಡೆಗಳಿಗೂ ಆಗಲೇ ರಜೆ ಅನ್ನುವುದು, ಅಷ್ಟೆಲ್ಲ ಓದಿದ ತಲೆಗೆ ಹೊಳೆದಿರಲಿಲ್ಲ.

ಮಾವ ಲಡಿ ಕೊಡವಿ ಗಳಕ್ಕೆ ಹಾಕಿದರು. "ಗುರ್ವಾರ ಬಾ. ಗುರ್ವಾರ ಕಪ್ಪು ಆಕ್ತೀನಿ. ಎಲ್ಲಾದ್ಕಿಂತ ಕೆಟ್ಟದ್ದು ಅದೇಯ."

"ಮಾವ, ರಿಪೋರ್ಟ್ ಬರೆದರೆ ಪುರಸಭೆ ಆಫೀಸಿನವರು ನಿಮ್ಮ ಅಂಗಳ ಮುಚ್ಚಿಸಬಹುದು."

"ಮುಚ್ಚುಸ್ಲಿ, ಬುಡ್ಲಿ. ಒದ್ದೇಲಿ ನೋಡ್ಬುಟ್ಟು ಚೆಂದಾಗದೆ ಅಂದ್ಬುಟ್ಯಲ್ಲ ಮಗಾ. ನಾನೇನ್ ಕಲಿಸಿದ್ದೆ ನಿಂಗೆ?"

ಗುರುವಾರ ಬುಟ್ಟಿ ಹೊತ್ತವರು ಅವರೇ. ಮೇಲಿನ ಬೀದಿಯ ಗಂಡಸು ಹಳ್ಳ ದಾಟಿ ಬರುವುದು ಕಂಡು ಒರತೆಯ ಅಜ್ಜಿ ಸೆರಗು ಸರಿಮಾಡಿಕೊಂಡರು. "ಏನ್ ಬಣ್ಣದ ಸಾಮಿ, ದಾರಿ ತಪ್ತಾ? ನಿಮ್ ಮೋರಿ ದಿನಾ ಬತ್ತದೆ, ನೀವು ಇವತ್ತು ಬಂದ್ರಿ."

ಮಾವ ಹುಡುಗಿಯ ಬೆರಳುಗಳನ್ನು ಒಮ್ಮೆ ನೋಡಿದರು. ಕುಕ್ಕುರುಗಾಲಲ್ಲಿ ಕೂತು, ಬೆರಳ ತುದಿಯಲ್ಲಿ ಒರತೆಯ ಒಂದು ಹನಿ ತೆಗೆದು ನಾಲಿಗೆಗೆ ಮುಟ್ಟಿಸಿದರು. ಕಣ್ಣು ಮುಚ್ಚಿದರು. ಪಕ್ಕಕ್ಕೆ ಉಗುಳಿದರು.

"ನಂದೇ" ಅಂದರು.

ಲ್ಯಾಬು ಅದನ್ನೇ ಹೇಳಲು ಹದಿನೈದು ದಿನ ತೆಗೆದುಕೊಂಡಿತು.

ಪುರಸಭೆಗೆ ರಿಪೋರ್ಟ್ ಕಳಿಸಿದ ಮೇಲೆ ಎಂಟು ತಿಂಗಳು ನಾನು ಊರಿಗೆ ಹೋಗಲಿಲ್ಲ. ಕೆಲಸ ಇದೆ, ಪೇಪರ್ ಇದೆ ಅಂತ ಅಮ್ಮನಿಗೆ ಕಾಗದ ಬರೆಯುತ್ತಿದ್ದೆ. ನಿಜವಾಗಿ ಹೆದರಿದ್ದೆ. ಆ ಅಂಗಳ ಮುಚ್ಚಿದ್ದರೆ? ನನ್ನನ್ನು ಕಾಲೇಜಿಗೆ ಕಳಿಸಿದವರ ಒಲೆಗೆ ನಾನೇ ನೀರು ಸುರಿದಿದ್ದರೆ? ಅಮ್ಮನೂ ಆ ವಿಷಯ ಎತ್ತುತ್ತಿರಲಿಲ್ಲ, ಅದರಿಂದ ಭಯ ಇನ್ನೂ ಹೆಚ್ಚು. ಒಂದು ಬೆಳಿಗ್ಗೆ, ಇನ್ನು ತಡೆಯಲಾರೆ ಅನ್ನಿಸಿ ಬಸ್ಸು ಹತ್ತಿದೆ. ನಮ್ಮ ಬೀದಿಯ ತಿರುವಿನಲ್ಲೇ ನಿಂತುಬಿಟ್ಟೆ. ಕತ್ತು ಮಾತ್ರ ಚಾಚಿ ನೋಡಿದೆ.

ಗಳಗಳ ಮೇಲೆ ಲಡಿಗಳು ಒಣಗುತ್ತಿದ್ದವು. ಅರಿಶಿನ, ಮಾವಿನೆಲೆ ಹಸಿರು, ದಾಳಿಂಬೆ ಕೆಂಪು. ಥ್ಯಾಂಕ್ ಗಾಡ್ ಅಂತ ಜೋರಾಗಿಯೇ ಅಂದುಬಿಟ್ಟೆ; ಸೊಪ್ಪು ಮಾರುವವಳು ತಿರುಗಿ ನೋಡಿದಳು.

ಗಳಗಳು ಅರ್ಧಕ್ಕರ್ಧ ಕಡಿಮೆಯಾಗಿದ್ದವು. ಖಾಲಿಯಾದ ಅರ್ಧ ಅಂಗಳದಲ್ಲಿ ಮಾವ ಆಳುದ್ದದ ಗುಂಡಿ ತೆಗೆಸಿ, ಒಳಗೆಲ್ಲ ಗಾರೆ ಮೆತ್ತಿಸಿ, ಮೋರಿಯ ಬಾಯನ್ನು ಅದಕ್ಕೆ ತಿರುಗಿಸಿದ್ದರು. ಹಂಡೆ ಚೆಲ್ಲಿದಾಗಲೆಲ್ಲ ಮೇಲೆ ಸುಣ್ಣ. ಸುಣ್ಣ ಹಾಕಿ ಅಂತ ರಿಪೋರ್ಟಿನ ಕೊನೆಯ ಪುಟದಲ್ಲಿ ನಾನೇ ಬರೆದಿದ್ದೆ. ಅದನ್ನು ಯಾರೋ ಅವರಿಗೆ ಓದಿ ಹೇಳಿದ್ದರು. ತನಿಖೆಗೆ ಬಂದವರು ಗುಂಡಿ ನೋಡಿ, ಬರೆದುಕೊಂಡು ಹೋದರಂತೆ.

"ಎಂಟ್ ತಿಂಗ್ಳು ಎಲ್ಲೋಗಿದ್ದೆ?" ಅಂದರು ಮಾವ. "ಗುಂಡಿ ಅಳ್ತೆ ಕೇಳವ ಅಂದ್ರೆ ಆಸಾಮೀನೇ ನಾಪತ್ತೆ!"

ಕೆಳಗೇರಿಗೆ ನಲ್ಲಿ ಬರಲು ಮತ್ತೂ ಒಂದು ವರ್ಷವಾಯಿತು. ನೀರು ಬಿಟ್ಟ ಬೆಳಿಗ್ಗೆ ನಾನು ಊರಲ್ಲಿದ್ದೆ. ಒರತೆಯ ಅಜ್ಜಿ ಮೊದಲ ಚೊಂಬು ಹಿಡಿದುಕೊಂಡು ಹಳ್ಳ ದಾಟಿ ನಮ್ಮ ಬೀದಿಗೇ ಬಂದರು. ಮಗ್ಗದ ಸದ್ದು ಒಂದೊಂದಾಗಿ ನಿಂತಿತು. ಕೆಳಗೇರಿಯ ಚೊಂಬಿನಿಂದ ನಮ್ಮ ಬೀದಿಯಲ್ಲಿ ಯಾರೂ ಕುಡಿದದ್ದನ್ನು ನಾನು ಕಂಡಿರಲಿಲ್ಲ. ಮಾವ ಎಡಗೈಯಿಂದ ಚೊಂಬು ತೆಗೆದುಕೊಂಡು, ಬಲಗೈ ಬೆರಳು ಅದ್ದಿ, ಒಂದು ಹನಿಯನ್ನು ನಾಲಿಗೆಗೆ ಇಟ್ಟುಕೊಂಡರು. ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಈ ಸಲ ಉಗುಳಲಿಲ್ಲ.

"ಸಪ್ಪೆ" ಅಂದರು. ಮುಖವೆಲ್ಲ ನಗು.

"ಸಪ್ಪೆ ಆದ್ರೆ ಒಸಿ ಉಪ್ಪಾಕ್ಲಾ ಸಾಮಿ?" ಅಂದರು ಅಜ್ಜಿ. ಮಾವ ಚೊಂಬೆತ್ತಿ ಗಟಗಟ ಕುಡಿದು ಬರಿದು ಮಾಡಿದರು.

ಅವರು ಹೋದದ್ದು ಆ ದಶಕ ಮುಗಿಯುವ ಹೊತ್ತಿಗೆ. ನಾನು ತಂದುಕೊಟ್ಟಿದ್ದ ರಬ್ಬರ್ ಗ್ಲೌಸು ಅಂಗಳದ ಮೊಳೆಗೆ ನೇತಾಡುತ್ತಲೇ ಇತ್ತು, ಒಂದು ದಿನವೂ ಹಾಕಿಕೊಳ್ಳಲಿಲ್ಲ. "ಗ್ಲೌಸ್ ಆಕ್ಕಂಡ್ರೆ ನೂಲು ನಂಗೆ ಏನೂ ಏಳಾಕಿಲ್ಲ" ಅನ್ನುತ್ತಿದ್ದರು. ಕೊನೆಯ ಸ್ನಾನ ಮಾಡಿಸಿದವರು ಎಷ್ಟು ಉಜ್ಜಿದರೂ ಕೈಗಳ ಬಣ್ಣ ಬಿಡಲಿಲ್ಲವಂತೆ. ಬಲಗೈ ಕೆಂಪಾಗಿಯೇ, ಎಡಗೈ ಹಸಿರಾಗಿಯೇ ಹೋದವು.

ಆಮೇಲೆ ಎಷ್ಟೋ ವರ್ಷ ಪಾಠ ಮಾಡಿದೆ, ಎಷ್ಟೋ ಊರಿನ ನೀರು ತಂದೆ. ಹನೂರಿನ ಕಡೆ ರಾಮಾಪುರದಲ್ಲಿ ಬಸ್ಸಿಳಿದವಳೇ, "ನಿಮ್ಮಲ್ಲಿ ಹಬ್ಬ ಯಾವಾಗ? ಕೆಲಸಕ್ಕೆ ರಜೆ ಯಾವಾಗ?" ಅಂತ ಕೇಳಿದರೆ, ಅಲ್ಲಿದ್ದ ಯಜಮಾನರೊಬ್ಬರು, "ಊಟಕ್ಕೆ ಬತ್ತೀರಾ ಮೇಡಮ್ಮೋರೇ?" ಅಂದಿದ್ದರು. ನನ್ನ ಸ್ಟೂಡೆಂಟ್ಸ್ ತುಂಬುವ ಫಾರಮ್ಮಿನಲ್ಲಿ ಆ ಪ್ರಶ್ನೆಗೊಂದು ಕಾಲಂ ಮಾಡಿಸಿದ್ದೆ. ಯಾವುದೋ ಫಾರಿನ್ ಕಾನ್ಫರೆನ್ಸಿನಲ್ಲಿ ಕಲಿತು ಬಂದದ್ದು ಅಂತ ಅವರ ನಂಬಿಕೆ. ನಾನೂ ತಿದ್ದಿರಲಿಲ್ಲ, ಈಗ ತಿದ್ದುತ್ತಿದ್ದೇನೆ.

ರಿಟೈರ್ ಆಗಿ ಬಹಳ ಕಾಲವಾಯಿತು. ಹಳೆಯ ಹುಡುಗಿಯರು ಈಗಲೂ ಫೋನ್ ಮಾಡಿ, "ಮೇಡಂ, ರಿಪೋರ್ಟ್ ಬಂತು, ಎಲ್ಲ ನಿಲ್, ಏನೂ ಸಿಕ್ಕಿಲ್ಲ" ಅನ್ನುತ್ತಾರೆ. ನನ್ನ ನಾಲಿಗೆಯ ತುದಿಗೆ 'ಸಪ್ಪೆ' ಅನ್ನುವ ಮಾತು ಬಂದು, ಮನಸ್ಸು ಹಗುರವಾಗುತ್ತದೆ. ಆಮೇಲೆ ಕೇಳುತ್ತೇನೆ, "ನೀರು ತಂದ ದಿನ ಅಲ್ಲೇನಾದರೂ ಹಬ್ಬವಿತ್ತೇನಮ್ಮಾ?"