ಹುಲ್ಲಿನ ಮಾಡಿಗೆ ವಿಮೆಯಿಲ್ಲ

ಎಣ್ಣೆ ಮುಗಿದು ಬತ್ತಿ ಕರಕಲಾಗುವ ವಾಸನೆ ನಿಮಗೂ ಗೊತ್ತಿರುತ್ತದೆ. ಟೋಕಿಯೋದ ನಿಶಿ ಕಸಾಯಿಯ ನಮ್ಮ ಫ್ಲ್ಯಾಟಿನಲ್ಲಿ ದೇವರ ದೀಪ ಉರಿಯುವುದು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಕೆಳಗೆ. ಬೇರೆಲ್ಲಿಟ್ಟರೂ ಚಾವಣಿಯ ಹೊಗೆ ಅಲಾರಂ ಕಿರುಚೀತೆಂಬ ಭಯ. ದೇವರನ್ನು ನಂಬದ ನನಗೆ ಈ ಏರ್ಪಾಡು ಕಂಡರೆ ಸಣ್ಣದೊಂದು ಕುಚೇಷ್ಟೆಯ ಖುಷಿ. ಮೊನ್ನೆ ಸಂಜೆ ಮಾತ್ರ ಆ ವಾಸನೆ ಬಂದದ್ದೇ, ಹಮಾಮತ್ಸುವಿನ ಉತ್ತರದ ಬೆಟ್ಟಗಳಲ್ಲಿ ನಮ್ಮದಾಗದೆ ಹೋದ ಮನೆಯೊಂದು ನೆನಪಾಗಿ ಊಟ ಸೇರಲಿಲ್ಲ.

ಆಗ ನಾನು ಹಮಾಮತ್ಸುವಿನಲ್ಲಿ ಸಂಶೋಧಕ. ಆ ಮನೆಗೆ ಹುಲ್ಲಿನ ಮಾಡು, ಮರದ ಗೋಡೆ, ಹಿತ್ತಲಿಗೆ ಚಹಾತೋಟ. ಕೊಳ್ಳುವ ಮೊದಲು ಒಂದು ತಿಂಗಳು ಇದ್ದು ನೋಡಿ ಎಂದಿದ್ದರು ಮಾಲೀಕರು. ಅಪ್ಪನ ವರ್ಗಾವಣೆಯ ಹಿಂದೆ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಬೆಳೆದ ನಾನು, ಸ್ವಂತ ಮನೆಯ ಆಸೆಯೆಂದರೆ ಮಧ್ಯಮ ವರ್ಗದ ಭ್ರಮೆ ಎಂದು ಭಾಷಣ ಮಾಡುತ್ತಿದ್ದವನು. ಆ ಮನೆಯ ಜಗಲಿಯಲ್ಲಿ ಕೂತ ಮೇಲೆ ಭಾಷಣ ನಿಂತಿತು.

ಆ ತಿಂಗಳಲ್ಲೇ ದೀಪಾವಳಿ ಬಂತು. ಹೆಂಡತಿ ಶುಭಾ ಜಗಲಿಯುದ್ದಕ್ಕೂ, ಹುಲ್ಲಿನ ಸೂರಿನ ಕೆಳಗೇ, ಹಣತೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮೊರಿತಾ ಸಾನ್ ಇನ್ನೂ ಕೆಲವರೊಡನೆ ಪಂಪಿನ ಗಾಡಿ ತಳ್ಳಿಕೊಂಡು ಬಂದರು. ಊರಿನವರೇ ಕಟ್ಟಿಕೊಂಡ ಅಗ್ನಿಶಾಮಕ ದಳಕ್ಕೆ ಅವರೇ ಮುಖ್ಯಸ್ಥರು. ದಳದಲ್ಲಿ ಎಲ್ಲರ ತಲೆಯೂ ಬೆಳ್ಳಗೆ. ನಾಲ್ಕಾರು ಸಲ ಸುಮಿಮಾಸೆನ್, ಕ್ಷಮಿಸಿ, ಎಂದು ಹೇಳಿ, ಏನು ಉರಿಯುತ್ತಿದೆ ಎಂದು ಕೇಳಿದರು. ಇದು ಹಬ್ಬ, ಈ ದೀಪಗಳನ್ನು ನಾವಾಗಿ ಆರಿಸಬಾರದು ಎಂದು ಶುಭಾ ತನ್ನ ಮುರುಕು ಜಪಾನಿಯಲ್ಲಿ ವಿವರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ರೀ, ಅವ್ರು ಹೇಳಿದ್ರು ಅಂತ ನೀವು ಆರ್ಸೋಕೆ ಹೋಗ್ಬೇಡಿ, ಈಗ್ಲೇ ಹೇಳಿದೀನಿ" ಅಂದಳು.

ಮೊರಿತಾ ಸಾನ್ ದೀಪಗಳನ್ನೂ ಸೂರನ್ನೂ ನೋಡಿದರು. ಮೆಟ್ಟಿಲ ಮೇಲೆ ಕೂತರು. "ಹಾಗಾದರೆ ಎಣ್ಣೆ ಮುಗಿಯಲಿ. ಕಾಯುತ್ತೇವೆ."

ಹಬ್ಬವೆಂದು ಶುಭಾ ಎಣ್ಣೆಯನ್ನು ಧಾರಾಳವಾಗಿಯೇ ಸುರಿದಿದ್ದಳು. ಪಂಪಿನ ಪೈಪನ್ನು ತೊಡೆಯ ಮೇಲಿಟ್ಟುಕೊಂಡು, ಶುಭಾ ಕೊಟ್ಟ ಚಕ್ಕುಲಿ ಮುರಿಯುತ್ತ, ಕೊನೆಯ ಬತ್ತಿ ತಾನಾಗಿ ಕರಕಲಾಗುವವರೆಗೂ ಅವರು ಕಾದರು. ಹೀಗೆಂದು ನನ್ನ ನೆನಪು. ಹಣತೆ ಐದು ಎನ್ನುತ್ತೇನೆ ನಾನು. "ನೀವು ಯಾವಾಗ ಎಣಿಸಿದ್ರಿ? ಪಂಪ್ ಫೋಟೋ ತೆಗೀತಾ ನಿಂತಿದ್ರಲ್ಲ" ಎನ್ನುತ್ತಾಳೆ ಶುಭಾ. ಆ ಫೋಟೋ ಎಲ್ಲೂ ಸಿಕ್ಕಿಲ್ಲ. ಪಂಪೇ ಇತ್ತೋ, ಬರೀ ಬಕೆಟ್ಟುಗಳೋ, ಆಣೆ ಮಾಡಲಾರೆ.

ಬೆಂಕಿ ವಿಮೆಯಿಲ್ಲದೆ ಬ್ಯಾಂಕು ಸಾಲ ಕೊಡುವಂತಿರಲಿಲ್ಲ. ಅಮೆರಿಕದ ಹಳ್ಳಿಗಳಲ್ಲಿ ಅಗ್ನಿಶಾಮಕ ಠಾಣೆಯ ದೂರ, ನೀರಿನ ಅನುಕೂಲ, ದಳದ ತಯಾರಿ ನೋಡಿ ದರ್ಜೆ ಕೊಡುತ್ತಾರೆ, ದರ್ಜೆ ಒಳ್ಳೆಯದಾದಷ್ಟೂ ಮನೆಯ ವಿಮೆ ಅಗ್ಗ ಎಂದು ಎಲ್ಲೋ ಓದಿದ್ದೆ. ಓದಿದವನ ಧೈರ್ಯದಲ್ಲಿ ನಕ್ಷೆ ಬರೆದುಕೊಂಡು ವಿಮಾ ಏಜೆಂಟರ ಮುಂದೆ ಹರಡಿದೆ: ಇಲ್ಲಿ ನೀರಿನ ತೊಟ್ಟಿ, ಇಲ್ಲಿ ಮೊರಿತಾ ಸಾನ್. ಆತ ವಿನಯದಿಂದ ಕೊನೆಯವರೆಗೂ ಕೇಳಿದರು. ತಾವು ನೋಡುವುದು ಮನೆ ಯಾವುದರಿಂದ ಕಟ್ಟಿದ್ದು, ಯಾವ ಪ್ರಾಂತ್ಯದಲ್ಲಿದೆ ಎಂಬುದನ್ನು ಮಾತ್ರ, ಹುಲ್ಲಿನ ಮಾಡಿಗೆ ತಮ್ಮಲ್ಲಿ ವಿಮೆಯಿಲ್ಲ ಎಂದರು.

"ದಳದವರು ಪಕ್ಕದಲ್ಲೇ ಇದ್ದರೂ?"

"ಇದ್ದರೂ."

ಬೇರೆ ಕಂಪನಿಗಳಲ್ಲೂ ಅದೇ ಉತ್ತರ. ವಿಮೆಯಿಲ್ಲ, ಸಾಲವಿಲ್ಲ, ಮನೆಯಿಲ್ಲ. ನಾವು ಟೋಕಿಯೋದ ಕಾಂಕ್ರೀಟಿಗೆ ಬಂದೆವು.

ಮೊನ್ನೆ ತಡೆಯಲಾರದೆ ಮೊರಿತಾ ಸಾನ್‌ಗೆ ಫೋನ್ ಮಾಡಿದೆ. ಆ ಮನೆಯನ್ನು ಯಾರೋ ಕೊಂಡು ಹುಲ್ಲು ತೆಗೆಸಿ ತಗಡು ಹಾಕಿಸಿದ್ದಾರಂತೆ. ಈಗ ವಿಮೆಯೂ ಇದೆ. ಹೊಸ ಮಾಲೀಕರು ರಜೆಗಷ್ಟೇ ಬರುತ್ತಾರೆ. ದಳ ಮಾತ್ರ ಇಲ್ಲ. ಆಳು ಸಾಲದೆ ಮುಚ್ಚಿದರು. ಪೇಟೆಯಿಂದ ಬೆಂಕಿ ಎಂಜಿನ್ ಬರುವಷ್ಟರಲ್ಲಿ ಎರಡು ಸಲ ಚಹಾ ಮಾಡಿ ಕುಡಿಯಬಹುದು ಎಂದು ನಕ್ಕರು. ಅಂದು ಎಷ್ಟು ದೀಪಗಳಿದ್ದವು ಎಂದು ಕೇಳಿದೆ.

"ಗೊತ್ತಿಲ್ಲ. ಊಟ ತಣ್ಣಗಾಯಿತೆಂದು ಹೆಂಡತಿ ಬೈದದ್ದು ನೆನಪಿದೆ."

ಫೋನ್ ಇಟ್ಟು, ಈ ಭಾನುವಾರ ಹಮಾಮತ್ಸುವಿಗೆ ಹೋಗಿಬರೋಣವೇ ಎಂದೆ ಶುಭಾಳಿಗೆ.

"ಇನ್ನೂ ಆ ಮನೆ ಹುಚ್ಚು ಬಿಟ್ಟಿಲ್ವಾ ನಿಮ್ಗೆ?"

ಇಷ್ಟು ವರ್ಷ ನಾನೂ ಅದನ್ನು ಮನೆಯ ಹುಚ್ಚೆಂದೇ ತಿಳಿದಿದ್ದೆ. "ಆ ಮನೆಗಲ್ಲ. ಮೊರಿತಾ ಸಾನ್ ಮನೆಗೆ" ಎಂದೆ.

ಅವಳು ಎದ್ದು, ಚಕ್ಕುಲಿ ಹಿಟ್ಟು ಎಷ್ಟಿದೆಯೆಂದು ಡಬ್ಬಿಯ ಮುಚ್ಚಳ ತೆಗೆದಳು.